ತಲೆನೋವು: ನಮ್ಮ ಗಂಧ, ಚೀನದ ಸೂಜಿ

ಅರಸೀಕೆರೆಯಲ್ಲಿ ರೈಲಿನಿಂದಿಳಿದು, ಬಸ್ಸು ಹಿಡಿದು, ನಡು ಮಧ್ಯಾಹ್ನಕ್ಕೆ ಹಳೇಬೀಡು ಸೇರಿದವರಿಗೆ ಹೊಯ್ಸಳೇಶ್ವರ ದೇವಾಲಯದ ಜಗತಿಯ ಕಾವು ಚೆನ್ನಾಗಿ ಗೊತ್ತು. ಕತ್ತೆತ್ತಿ ವಿಗ್ರಹಗಳ ಸಾಲು ನೋಡುತ್ತ ಒಂದು ಸುತ್ತು ಬರುವುದರೊಳಗೆ ತಲೆ ಸಿಡಿಯತೊಡಗುತ್ತದೆ. ಬೇಲೂರಿನ ಮದನಿಕೆಯರಲ್ಲಿ ಕನ್ನಡಿ ಹಿಡಿದವಳುಂಟು, ಬೇಟೆಗೆ ಹೊರಟವಳುಂಟು. ಹಣೆ ಒತ್ತಿಕೊಂಡವಳೊಬ್ಬಳೂ ನನ್ನ ಕಣ್ಣಿಗೆ ಬಿದ್ದಿಲ್ಲ. ಹಾಗೆಂದು ಹೊಯ್ಸಳರ ಕಾಲದವರಿಗೆ ತಲೆನೋವೇ ಇರಲಿಲ್ಲವೆಂದು ನೀವು ಭಾವಿಸಬೇಡಿ.

ಹಳೇಬೀಡಿನ ಗುಡಿಯ ಕೆಲಸ ನಡೆದ ಹನ್ನೆರಡನೆಯ ಶತಮಾನದಲ್ಲೇ, ಸುಮಾರು 1150ರಲ್ಲಿ, ಜಗದ್ದಳ ಸೋಮನಾಥನು ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದನು. ಜೈನರ ವೈದ್ಯವಾದ್ದರಿಂದ ಅದರಲ್ಲಿ ಮಾಂಸವಿಲ್ಲ, ಮದ್ಯವಿಲ್ಲ. ಹೊಯ್ಸಳೇಶ್ವರಕ್ಕೆ ಸಮೀಪದಲ್ಲೇ ಬಸದಿಗಳಿವೆ. ಗಂಗರಾಜನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿ ಅವುಗಳಲ್ಲೊಂದು. ಅಲ್ಲಿಗೆ ಬರುವ ಶ್ರಾವಕರಿಗೆ ಸಲ್ಲುತ್ತಿದ್ದುದು ಇಂಥ ಔಷಧವೇ. ಸಂಸ್ಕೃತ ಬಾರದವನೂ ಈಗ ಅದನ್ನು ಓದಿ ತಿಳಿಯಬಹುದಾಗಿತ್ತು. ಇದು ಸಣ್ಣ ಮಾತಲ್ಲ.

ಆಯುರ್ವೇದದ ಹಳಬರು ತಲೆನೋವೆಲ್ಲ ಒಂದೇ ಎಂದು ಎಣಿಸಲಿಲ್ಲ. ಸುಶ್ರುತನು ಹನ್ನೊಂದು ಬಗೆಯ ಶಿರೋರೋಗಗಳನ್ನು ಹೇಳುತ್ತಾನೆ. ಹೊತ್ತು ಮೂಡಿದಾಗ ಹುಬ್ಬಿನ ಬಳಿ ಹುಟ್ಟಿ, ಸೂರ್ಯನೊಡನೆ ಏರಿ, ಸಂಜೆಗೆ ಇಳಿಯುವುದು ಸೂರ್ಯಾವರ್ತ. ಅರ್ಧಾವಭೇದಕವೆಂದರೆ ನಮ್ಮ ಅರೆತಲೆನೋವು. ಮದ್ದೂ ಹಾಗೆಯೇ ಬೇರೆ ಬೇರೆ. ಪಿತ್ತದ ನೋವಿಗೆ ಶ್ರೀಗಂಧ, ಲಾವಂಚದಂಥ ತಂಪಿನ ಲೇಪ. ಶೀತದ್ದಕ್ಕೆ ಒಣಶುಂಠಿಯಂಥ ಖಾರದ ಪಟ್ಟು. “ಬಿಸಿಲಿನದೋ, ನೆಗಡಿಯದೋ?” ಎಂದು ಮೊದಲು ಕೇಳಿ, ಆಮೇಲೆ ಸಾಣೆಕಲ್ಲಿಗೆ ಕೈ ಹಾಕುವ ಮುದುಕಿ ಶಾಸ್ತ್ರ ಓದದಿದ್ದರೂ ಅದರ ತಿರುಳನ್ನು ಬಲ್ಲವಳು.

ಬೇಲೂರಿನಲ್ಲಿ 1117ರಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾದಾಗ ಚೀನವನ್ನು ಸೋಂಗ್ ವಂಶದವರು ಆಳುತ್ತಿದ್ದರು. ಅಲ್ಲಿಯ ಸರ್ಕಾರಿ ಔಷಧಾಲಯದ ಯೋಗಸಂಗ್ರಹದಲ್ಲಿ ತಲೆನೋವಿಗೊಂದು ಪುಡಿಯುಂಟು: ಚುವಾನ್‌ಷಿಯಾಂಗ್ ಎಂಬ ಬೇರು, ಪುದೀನ ಜಾತಿಯ ಎಲೆ, ಇನ್ನೂ ಕೆಲವು ಮೂಲಿಕೆಗಳು, ಅನುಪಾನ ಚಹ. ಸೂಜಿ ಚುಚ್ಚುವ ಸ್ಥಾನಗಳನ್ನು ವಿದ್ಯಾರ್ಥಿಗಳಿಗೆ ಕಲಿಸಲೆಂದು ವಾಂಗ್ ವೈಯಿ 1027ರಲ್ಲಿ ಕಂಚಿನ ಮನುಷ್ಯಾಕೃತಿಯನ್ನೇ ಮಾಡಿಸಿದ್ದನು. ಇನ್ನೂ ಹಿಂದಿನ ಕಥೆಯೊಂದಿದೆ. ತ್ಸಾವೊ ತ್ಸಾವೊ ಎಂಬ ದಂಡನಾಯಕನ ತಲೆನೋವನ್ನು ಹುವಾ ತುವೊ ಎಂಬ ವೈದ್ಯ ಸೂಜಿಯಿಂದ ಶಮನಮಾಡುತ್ತಿದ್ದನಂತೆ. ಕರೆದಾಗ ಬಾರದೆ ಹೋದದ್ದಕ್ಕೆ ಅದೇ ರೋಗಿಯೇ ಅವನನ್ನು ಕೊಲ್ಲಿಸಿದನು. ಸೂಜಿಯ ಮಾತು ಬರಿಯ ಕಥೆಯಾಗಿ ಉಳಿದಿಲ್ಲ. 22 ಪ್ರಯೋಗಗಳನ್ನು ಕೂಡಿಸಿ ತೂಗಿದ 2016ರ ಕಾಕ್ರೇನ್ ಸಮೀಕ್ಷೆ, ಅರೆತಲೆನೋವು ಮರಳಿ ಮರಳಿ ಬರುವುದನ್ನು ಅದು ಕಡಿಮೆಮಾಡಬಹುದೆಂದಿತು. ಗಂಧದ ಲೇಪಕ್ಕೂ ಇಂಥ ದೊಡ್ಡ ಪರೀಕ್ಷೆ ನಡೆಯಬೇಡವೇ?

ಇನ್ನೊಂದು ಮಾತು. ನಮ್ಮ ಹಳೆಯ ಗ್ರಂಥಗಳು ಶಂಖಕವೆಂಬ ತಲೆನೋವನ್ನೂ ಹೇಳುತ್ತವೆ: ಕಣತಲೆಯಲ್ಲಿ ಉರಿಯೂ ಊತವೂ ಹುಟ್ಟಿ ಮೂರು ರಾತ್ರಿಯಲ್ಲಿ ಪ್ರಾಣ ತೆಗೆಯುವಂಥದು. ಮನೆಮದ್ದನ್ನು ಹೊಗಳುವವರು ಆ ಭಾಗವನ್ನು ತಿರುವಿಹಾಕುವುದು ಕಡಿಮೆ. ನಮ್ಮ ನಂಟರ ಮನೆಯೊಂದರಲ್ಲಿ ಜ್ವರ ಬಂದು ಕತ್ತು ಸೆಟೆದ ಹುಡುಗನಿಗೆ ಎರಡು ದಿನ ಗಂಧವನ್ನೇ ಹಚ್ಚುತ್ತ ಕುಳಿತರು. ಹುಡುಗ ಬದುಕಿದ, ಆದರೆ ಎರಡು ಕಿವಿಯೂ ಕೇಳದಾಯಿತು. ಥಟ್ಟನೆ ಬಡಿದ ನೋವು, ಜ್ವರದೊಡನೆ ಬಿಗಿದ ಕತ್ತು, ತೊದಲುವ ಮಾತು, ಮಂಜಾದ ಕಣ್ಣು, ಇವು ಕಂಡರೆ ಸಾಣೆಕಲ್ಲನ್ನು ಬದಿಗಿಟ್ಟು ಆಸ್ಪತ್ರೆಗೆ ಹೊರಡಿ. ಹಳೇಬೀಡಿನಿಂದ ಹಾಸನಕ್ಕೆ ಸುಮಾರು 30 ಕಿಲೋಮೀಟರು.