ಕ್ರಿಪ್ಟ್

ಅರ್ಥ: ಚರ್ಚಿನ ನೆಲದಡಿಯ ಕಮಾನು ಛಾವಣಿಯ ಪ್ರಾರ್ಥನಾಸ್ಥಳ, ಸಮಾಧಿಗೃಹ.

ಮೂಲ: ‘ಅಡಗಿಸು’ ಎಂಬರ್ಥದ ಗ್ರೀಕ್ ಧಾತು, ಲ್ಯಾಟಿನ್ನಿನಲ್ಲಿ ‘ಕ್ರಿಪ್ಟಾ’. ಗೂಢಲಿಪಿ ಶಾಸ್ತ್ರವಾದ ‘ಕ್ರಿಪ್ಟಾಗ್ರಫಿ’ಯೂ ಇದೇ ಬೇರಿನದು.

ಬಳಕೆ: ಜರ್ಮನಿಯ ಶ್ಪೈಯರ್ ಕೆಥೆಡ್ರಲ್‌ನ ಕ್ರಿಪ್ಟ್ 1041ರಲ್ಲಿ ಪ್ರತಿಷ್ಠೆಗೊಂಡಿತು. ಜರ್ಮನ್ನರು ಪ್ರಾರ್ಥನೆಯ ಭಾಗವನ್ನು ‘ಕ್ರಿಪ್ಟಾ’ ಎಂದೂ ಅದಕ್ಕೆ ಹೊಂದಿಕೊಂಡ ಅರಸರ ಸಮಾಧಿಗೃಹವನ್ನು ‘ಗ್ರುಫ್ಟ್’ ಎಂದೂ ಕರೆಯುತ್ತಾರೆ. ನಾಲ್ವರು ಚಕ್ರವರ್ತಿಗಳು, ನಾಲ್ವರು ಅರಸರು ಅಲ್ಲಿ ಮಲಗಿದ್ದಾರೆ. ಅವರಲ್ಲೊಬ್ಬನಾದ ಚಕ್ರವರ್ತಿ ನಾಲ್ಕನೆಯ ಹೈನ್ರಿಶ್ 1106ರಲ್ಲಿ ತೀರಿಕೊಂಡಾಗ ಚರ್ಚಿನ ಬಹಿಷ್ಕಾರಕ್ಕೆ ಒಳಗಾಗಿದ್ದ. ಅದು ತೆರವಾದ ಮೇಲೆ, 1111ರಲ್ಲಷ್ಟೇ ತಂದೆ ಮತ್ತು ಅಜ್ಜನ ಬಳಿ ಅವನಿಗೆ ಜಾಗ ದೊರೆಯಿತು. ಪವಿತ್ರ ನೆಲದಲ್ಲಿ ಹೂಳಿಸಿಕೊಳ್ಳುವುದು ಆ ಕಾಲದವರಿಗೆ ಪರಲೋಕದ ಭರವಸೆಯಾಗಿತ್ತು. ಆದ್ದರಿಂದಲೇ ‘ಕ್ರಿಪ್ಟ್’ ಅನ್ನು ಬರೀ ‘ನೆಲಮಾಳಿಗೆ’ ಎಂದರೆ ಸಾಲದು.