ರಾಹು ನುಂಗಿದನೇ, ನೆರಳು ಮುಚ್ಚಿತೇ?

ಗ್ರಹಣ ಬಂತೆಂದರೆ ಮನೆಯಲ್ಲಿ ಮೊದಲು ಹುಡುಕುವುದು ಪಂಚಾಂಗವನ್ನು. ನೀರಿನ ಕೊಡದ ಮೇಲೆ, ಉಪ್ಪಿನಕಾಯಿ ಜಾಡಿಯ ಮೇಲೆ ದರ್ಭೆ ಇಡುವ ಮೊದಲೇ ಸ್ಪರ್ಶಕಾಲ ಎಷ್ಟು ಗಂಟೆಗೆ, ಮೋಕ್ಷಕಾಲ ಎಷ್ಟು ಗಂಟೆಗೆ ಎಂಬುದು ತಿಳಿದಿರಬೇಕು. ಪಂಚಾಂಗದ ಆ ಪುಟದಲ್ಲಿ ‘ರಾಹುಗ್ರಸ್ತ’ ಅಥವಾ ‘ಕೇತುಗ್ರಸ್ತ’ ಗ್ರಹಣ ಎಂಬ ಶೀರ್ಷಿಕೆ. ಅದರ ಕೆಳಗೆ ಗಂಟೆ ನಿಮಿಷಗಳ ಲೆಕ್ಕ. ಶೀರ್ಷಿಕೆಯನ್ನು ನಂಬಿದರೆ ಸೂರ್ಯನನ್ನೋ ಚಂದ್ರನನ್ನೋ ಒಬ್ಬ ಅಸುರ ನುಂಗುತ್ತಾನೆ. ಲೆಕ್ಕವನ್ನು ನೋಡಿದರೆ ಅಸುರನಿಗೆ ಅಲ್ಲಿ ಕೆಲಸವೇ ಇಲ್ಲ. ಚಂದ್ರಗ್ರಹಣಕ್ಕೆ ಭೂಮಿಯ ನೆರಳು, ಸೂರ್ಯಗ್ರಹಣಕ್ಕೆ ಅಡ್ಡ ಬರುವ ಚಂದ್ರ, ಅಷ್ಟೆ.

ಈ ಎರಡು ಮಾತುಗಳು ಒಂದೇ ಪುಟದಲ್ಲಿ ಹೇಗೆ ಕೂಡಿಕೊಂಡವು? ಧರ್ಮಗ್ರಂಥದಲ್ಲಿ ಹೇಳಿರುವುದೆಲ್ಲ ಅಕ್ಷರಶಃ ನಿಜವೇ ಎಂಬ ಪ್ರಶ್ನೆ ಇಂಗ್ಲಿಷ್ ವಿದ್ಯೆಯ ಜೊತೆಗೆ ನಮ್ಮಲ್ಲಿಗೆ ಬಂತು ಎಂದು ಭಾವಿಸುವವರು ಬಹಳ. ನಾಸ್ತಿಕರು ಮಾತ್ರ ಅಂಥ ಪ್ರಶ್ನೆ ಕೇಳುತ್ತಾರೆ ಎನ್ನುವವರೂ ಇದ್ದಾರೆ. ಆದರೆ ಭಾರತೀಯ ಜ್ಯೋತಿಷದ ಇತಿಹಾಸ ಬೇರೆಯೇ ಕಥೆ ಹೇಳುತ್ತದೆ. ಅಲ್ಲಿ ಈ ಪ್ರಶ್ನೆಯನ್ನು ಎತ್ತಿದವರು ವ್ರತ, ಪರ್ವ, ಯಜ್ಞಗಳಿಗೆ ಕಾಲ ನಿರ್ಣಯಿಸಿಕೊಡುತ್ತಿದ್ದ ಆಸ್ತಿಕ ಪಂಡಿತರೇ.

ಎರಡು ಭೂಮಿಗಳು

ಪುರಾಣಗಳು ವರ್ಣಿಸುವ ಭೂಮಿ ಬಹು ವಿಸ್ತಾರವಾದದ್ದು. ವಿಷ್ಣುಪುರಾಣದ ಪ್ರಕಾರ ನಾವಿರುವ ಜಂಬೂದ್ವೀಪ ಒಂದು ಲಕ್ಷ ಯೋಜನ ಅಗಲದ್ದು. ಅದರ ನಡುವೆ 84,000 ಯೋಜನ ಎತ್ತರದ ಮೇರು ಪರ್ವತ. ಸುತ್ತಲೂ ಉಪ್ಪುನೀರಿನ ಸಮುದ್ರ. ಅದರಾಚೆ ಬಳೆಯೊಳಗೆ ಬಳೆಯಂತೆ ಇನ್ನೂ ಆರು ದ್ವೀಪಗಳು, ಅವುಗಳ ನಡುವೆ ಕಬ್ಬಿನಹಾಲು, ತುಪ್ಪ, ಮೊಸರು, ಹಾಲು ಮುಂತಾದವುಗಳ ಸಮುದ್ರಗಳು. ಸೂರ್ಯನು ಮೇರುವನ್ನು ಸುತ್ತುತ್ತಾನೆ. ಚಂದ್ರನಿರುವುದು ಸೂರ್ಯನಿಗಿಂತ ಒಂದು ಲಕ್ಷ ಯೋಜನ ಮೇಲೆ.

ಕ್ರಿ.ಶ. 499ರಲ್ಲಿ, ತನ್ನ 23ನೇ ವಯಸ್ಸಿನಲ್ಲಿ, ಆರ್ಯಭಟ ಕೊಟ್ಟ ಭೂಮಿ ಇದಲ್ಲ. ಅವನ ಭೂಮಿ ಒಂದು ಗೋಳ. ವ್ಯಾಸ 1,050 ಯೋಜನ. ಪುರಾಣದ ಜಂಬೂದ್ವೀಪವೊಂದೇ ಇದರ ಸುಮಾರು ನೂರು ಪಟ್ಟು ಅಗಲ! ಇನ್ನು ಮೇರು? ಆರ್ಯಭಟ ಅದನ್ನು ಇಲ್ಲವೆನ್ನಲಿಲ್ಲ. ಉತ್ತರ ಧ್ರುವದಲ್ಲಿ ಇರಿಸಿದ, ಆದರೆ ಅದರ ಅಳತೆ ಒಂದೇ ಒಂದು ಯೋಜನ ಎಂದ. ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳು, ಸೂರ್ಯನನ್ನು ಮುಚ್ಚುವುದು ಚಂದ್ರ ಎಂದೂ ಸ್ಪಷ್ಟವಾಗಿ ಬರೆದ. ಚಂದ್ರ ಸೂರ್ಯನಿಗಿಂತ ಮೇಲಿದ್ದರೆ ಸೂರ್ಯಗ್ರಹಣವಾಗುವುದಾದರೂ ಹೇಗೆ?

ಮುಂದಿನ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ರಾಹುವಿಗೇ ಒಂದು ಅಧ್ಯಾಯ ಮೀಸಲಿಟ್ಟು ವಾದ ಹೂಡಿದ. ಚಂದ್ರಗ್ರಹಣ ಚಂದ್ರನ ಪೂರ್ವದ ಅಂಚಿನಿಂದ ತೊಡಗುತ್ತದೆ, ಸೂರ್ಯಗ್ರಹಣ ಸೂರ್ಯನ ಪಶ್ಚಿಮದ ಅಂಚಿನಿಂದ. ಚಂದ್ರ ಪೂರ್ವಾಭಿಮುಖವಾಗಿ ಚಲಿಸುತ್ತ ನೆರಳನ್ನು ಹೊಕ್ಕರೆ ಅವನ ಪೂರ್ವದ ಅಂಚು ಮೊದಲು ಕಪ್ಪಾಗಲೇಬೇಕು. ಅದೇ ಚಂದ್ರ ಪಶ್ಚಿಮದಿಂದ ಬಂದು ಸೂರ್ಯನನ್ನು ಮರೆಮಾಡಿದರೆ ಸೂರ್ಯನ ಪಶ್ಚಿಮದ ಅಂಚೇ ಮೊದಲು ಮುಚ್ಚಬೇಕು. ನುಂಗುವ ಅಸುರನೊಬ್ಬನಿಗೆ ಇಂಥ ನಿಯಮ ಏಕಿರಬೇಕು?

ಇಷ್ಟು ಹೇಳಿದ ಮೇಲೆ ವರಾಹಮಿಹಿರ ಜನರ ಆಚರಣೆಯ ಕಡೆಗೂ ನೋಡಿದ. ಗ್ರಹಣಕಾಲದಲ್ಲಿ ಕೊಟ್ಟ ದಾನ, ಹೋಮಗಳಲ್ಲಿ ರಾಹುವಿಗೆ ಪಾಲಿದೆ ಎಂದು ಬ್ರಹ್ಮ ವರ ಕೊಟ್ಟಿದ್ದಾನೆ. ಆದ್ದರಿಂದ ಆ ಹೊತ್ತಿಗೆ ರಾಹು ಅಲ್ಲಿ ಸನ್ನಿಹಿತನಾಗಿರುತ್ತಾನೆ ಎಂದ. ಅಂದರೆ ರಾಹು ಗ್ರಹಣಕ್ಕೆ ಬರುವ ಅತಿಥಿ, ಅದಕ್ಕೆ ಕಾರಣನಲ್ಲ. ಸ್ನಾನ, ದಾನಗಳಿಗೂ ಚ್ಯುತಿ ಬರಲಿಲ್ಲ, ಲೆಕ್ಕಕ್ಕೂ ಧಕ್ಕೆಯಾಗಲಿಲ್ಲ.

ಬ್ರಹ್ಮಗುಪ್ತನ ಇಕ್ಕಟ್ಟು

ಈ ಹೊಂದಾಣಿಕೆ ಎಲ್ಲರಿಗೂ ಸಾಕೆನಿಸಲಿಲ್ಲ. 628ರಲ್ಲಿ ‘ಬ್ರಾಹ್ಮಸ್ಫುಟಸಿದ್ಧಾಂತ’ ಬರೆದ ಬ್ರಹ್ಮಗುಪ್ತ ಮಹಾ ಗಣಿತಜ್ಞ. ಸೊನ್ನೆಯ ಗಣಿತಕ್ಕೆ ನಿಯಮಗಳನ್ನು ಬರೆದವನು ಅವನೇ. ಗ್ರಹಣವನ್ನು ಅವನು ಲೆಕ್ಕ ಹಾಕಿದ್ದೂ ನೆರಳಿನಿಂದಲೇ. ಆದರೂ ರಾಹು ಕಾರಣನಲ್ಲ ಎಂದ ಆರ್ಯಭಟ, ವರಾಹಮಿಹಿರರನ್ನು ಅವನು ಕಟುವಾಗಿ ಟೀಕಿಸಿದ. ಇವರ ಮಾತು ವೇದ, ಸ್ಮೃತಿಗಳಿಗೆ ವಿರುದ್ಧ. ರಾಹು ಸುಳ್ಳಾದರೆ ಗ್ರಹಣಸ್ನಾನದ, ಜಪದ ಪುಣ್ಯವೂ ಸುಳ್ಳಾಗುತ್ತದೆ ಎಂಬುದು ಅವನ ಆಕ್ಷೇಪ. ಕೊನೆಗೆ ರಾಹುವೇ ನೆರಳಿನೊಳಗೆ ಹೊಕ್ಕು ಚಂದ್ರನನ್ನೂ, ಚಂದ್ರನೊಳಗೆ ಹೊಕ್ಕು ಸೂರ್ಯನನ್ನೂ ಮುಚ್ಚುತ್ತಾನೆ ಎಂದು ಸಮಾಧಾನ ಹೇಳಿದ.

ಸುಮಾರು 1030ರಲ್ಲಿ ಭಾರತದ ಕುರಿತು ತನ್ನ ಗ್ರಂಥ ಬರೆದ ಅಲ್ ಬಿರೂನಿಗೆ ಇದು ಬಹಳ ಕಸಿವಿಸಿ ಉಂಟುಮಾಡಿತು. ಇಷ್ಟು ತಿಳಿದವನು ಹೀಗೇಕೆ ಬರೆದ? ಸಾಕ್ರಟೀಸನಿಗೆ ಒದಗಿದಂಥ ಗತಿ ತನಗೂ ಬಂದೀತೆಂಬ ಭಯ ಕಾರಣವಿರಬಹುದೆಂದು ಅವನು ಊಹಿಸಿದ. ಅದು ಊಹೆಯಷ್ಟೇ. ಬ್ರಹ್ಮಗುಪ್ತನದು ಭಯವಾಗಿರದೆ ಪ್ರಾಮಾಣಿಕ ಆತಂಕವೇ ಆಗಿದ್ದಿರಬಹುದು. ಗ್ರಂಥದ ಒಂದು ಅಕ್ಷರ ಅಲುಗಿದರೆ ಅದರ ಮೇಲೆ ನಿಂತ ಬದುಕೆಲ್ಲ ಅಲುಗೀತು ಎಂಬ ಆ ಆತಂಕ ಇಂದಿಗೂ ಹೊಸದಲ್ಲ, ಒಂದೇ ಧರ್ಮದ್ದೂ ಅಲ್ಲ.

ಭಾಸ್ಕರನ ಪ್ರಶ್ನೆಗಳು

ಆದರೆ ಪ್ರಶ್ನೆಗಳು ನಿಲ್ಲಲಿಲ್ಲ. ಸುಮಾರು 8ನೇ ಶತಮಾನದ ಲಲ್ಲ ‘ಮಿಥ್ಯಾಜ್ಞಾನ’ ಎಂಬ ಅಧ್ಯಾಯವನ್ನೇ ಬರೆದ. ಭೂಮಿ ಚಪ್ಪಟೆಯಾಗಿದ್ದರೆ ತಾಳೆಯಂಥ ಎತ್ತರದ ಮರಗಳೂ ದೂರದಿಂದ ಏಕೆ ಕಾಣುವುದಿಲ್ಲ ಎಂದು ಕೇಳಿದ.

1114ರಲ್ಲಿ ಹುಟ್ಟಿದ ಎರಡನೆಯ ಭಾಸ್ಕರಾಚಾರ್ಯ ತನ್ನ ಊರು ಸಹ್ಯಾದ್ರಿಯ ಸಮೀಪದ ಬಿಜ್ಜಡಬೀಡು ಎಂದು ಹೇಳಿಕೊಂಡಿದ್ದಾನೆ. ಅದು ನಮ್ಮ ವಿಜಯಪುರವೇ ಎನ್ನುವವರುಂಟು, ಮಹಾರಾಷ್ಟ್ರದ ಕಡೆಗೆ ಬೆರಳು ತೋರುವವರೂ ಉಂಟು. 1150ರ ಅವನ ‘ಸಿದ್ಧಾಂತಶಿರೋಮಣಿ’ಯಲ್ಲಿ ಈ ಚರ್ಚೆ ತುತ್ತತುದಿ ಮುಟ್ಟಿತು. ಮೇರು ಮರೆಯಾಗುವುದರಿಂದ ರಾತ್ರಿಯಾಗುವುದಾದರೆ ಅಷ್ಟೆತ್ತರದ ಚಿನ್ನದ ಬೆಟ್ಟ ನಮಗೇಕೆ ಕಾಣುವುದಿಲ್ಲ? ಭೂಮಿಯನ್ನು ಯಾರೋ ಹೊತ್ತಿದ್ದಾರೆ ಎಂದರೆ ಹೊತ್ತವನನ್ನು ಹೊತ್ತವರು ಯಾರು? ಕೊನೆಯವನು ಸ್ವಶಕ್ತಿಯಿಂದ ನಿಂತಿದ್ದಾನೆ ಎನ್ನಲೇಬೇಕಾದರೆ, ಆ ಶಕ್ತಿ ಭೂಮಿಗೇ ಇದೆ ಎಂದು ಮೊದಲೇ ಏಕೆ ಒಪ್ಪಬಾರದು? ಅರ್ಧ ಗ್ರಸ್ತನಾದ ಚಂದ್ರನ ಕೊಂಬುಗಳು ಮೊಂಡಾಗಿರುತ್ತವೆ, ಗ್ರಹಣ ದೀರ್ಘವಾಗಿರುತ್ತದೆ. ಸೂರ್ಯನ ಕೊಂಬುಗಳು ಚೂಪಾಗಿರುತ್ತವೆ, ಗ್ರಹಣ ಬೇಗ ಮುಗಿಯುತ್ತದೆ. ಆದ್ದರಿಂದ ಚಂದ್ರನನ್ನು ಮುಚ್ಚುವ ವಸ್ತು ದೊಡ್ಡದು, ಸೂರ್ಯನನ್ನು ಮುಚ್ಚುವುದು ಚಿಕ್ಕದು. ಇಬ್ಬರನ್ನೂ ಒಬ್ಬನೇ ನುಂಗುತ್ತಾನೆ ಎನ್ನುವಂತಿಲ್ಲ. ಹೀಗೆ ವಾದಿಸಿದ ಭಾಸ್ಕರನೂ ಕೊನೆಗೆ ವರಬಲದಿಂದ ರಾಹುವನ್ನು ನೆರಳಿನೊಳಗೆ ಸೇರಿಸಿ, ಆಗಮಗಳಿಗೆ ವಿರೋಧವಿಲ್ಲ ಎಂದ!

ಇದನ್ನು ಕೇವಲ ರಾಜಿ ಎನ್ನಬೇಕೇ? ಶಾಸ್ತ್ರವನ್ನು ಓದುವ ಕ್ರಮವೂ ಇದರ ಹಿಂದಿತ್ತು. ಮೀಮಾಂಸಕರ ಪ್ರಕಾರ ವೇದದ ಪ್ರತಿ ವಾಕ್ಯವೂ ಸಂಗತಿಯನ್ನು ವರದಿ ಮಾಡುವುದಿಲ್ಲ. ಯಜ್ಞದ ಯೂಪಸ್ತಂಭವನ್ನು ಸೂರ್ಯನೆಂದು ಕರೆದರೆ ಅದು ಸ್ತುತಿ, ಕಂಬ ಸೂರ್ಯನಾಗುವುದಿಲ್ಲ. ಬೆಂಕಿ ತಣ್ಣಗಿದೆ ಎಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗದು ಎಂದು ಶಂಕರಾಚಾರ್ಯರ ಗೀತಾಭಾಷ್ಯವೇ ಹೇಳುತ್ತದೆ. ಕಣ್ಣಿಗೆ ಕಾಣುವ ವಿಷಯದಲ್ಲಿ ಕಣ್ಣೇ ಪ್ರಮಾಣ. ಗ್ರಂಥದ ಅಧಿಕಾರ ಅದರಾಚೆಗೆ. ಕೇರಳದ ಪರಮೇಶ್ವರ 55 ವರ್ಷ ಗ್ರಹಣಗಳನ್ನು ನೋಡಿ ಲೆಕ್ಕ ತಿದ್ದಿದ್ದೂ ಈ ನಂಬಿಕೆಯಿಂದಲೇ.

19ನೇ ಶತಮಾನದಲ್ಲಿ ಇದಕ್ಕೆ ಹೊಸ ಪರೀಕ್ಷೆ ಬಂತು. ಹಾಲಿನ ಸಮುದ್ರ ಸುಳ್ಳಾದ್ದರಿಂದ ಹಿಂದೂಧರ್ಮವೂ ಸುಳ್ಳು ಎಂದು ಮಿಷನರಿಗಳು ವಾದಿಸಿದರು. ಪುರಾಣ ಅಕ್ಷರಶಃ ನಿಜ ಎಂದು ಹಟ ಹಿಡಿದವರ ಬಳಿ ಉತ್ತರವಿರಲಿಲ್ಲ. ಭೋಪಾಲದ ಸಮೀಪದ ಸಿಹೋರ್‌ನಲ್ಲಿ ಬ್ರಿಟಿಷ್ ಅಧಿಕಾರಿ ಲ್ಯಾನ್ಸ್‌ಲಾಟ್ ವಿಲ್ಕಿನ್ಸನ್‌ನ ಜೊತೆಗಿದ್ದ ಪಂಡಿತ ಸುಬಾಜಿ ಬಾಪು 1836ರಲ್ಲಿ ಮರಾಠಿಯಲ್ಲಿ ಒಂದು ಪುಸ್ತಕ ಬರೆದು, ಭಾಸ್ಕರನ ಸಿದ್ಧಾಂತವನ್ನೂ ಕೋಪರ್ನಿಕಸ್‌ನ ಮತವನ್ನೂ ಪುರಾಣದ ಎದುರಿಗಿಟ್ಟು ತೂಗಿದ. ಏಳು ಶತಮಾನ ಹಿಂದಿನ ಆಸ್ತಿಕನೊಬ್ಬನ ಪ್ರಶ್ನೆಗಳೇ ಆಗ ಊರುಗೋಲಾದವು.

1980ರ ಫೆಬ್ರುವರಿ 16ರಂದು ಪೂರ್ಣ ಸೂರ್ಯಗ್ರಹಣ ಉತ್ತರ ಕರ್ನಾಟಕದ ಮೇಲೆ ಹಾದುಹೋದಾಗ ದೂರದೂರದ ವಿಜ್ಞಾನಿಗಳು ದೂರದರ್ಶಕ ಹೊತ್ತು ಇಲ್ಲಿಗೆ ಬಂದರು. ಇಲ್ಲಿನ ಎಷ್ಟೋ ಮನೆಗಳ ಬಾಗಿಲು ಮುಚ್ಚಿತ್ತು. ಬಾಗಿಲು ಮುಚ್ಚಿದವರು ಕಾಲ ನೋಡಿದ್ದು ಪಂಚಾಂಗದಲ್ಲೇ. ಅದರ ಶೀರ್ಷಿಕೆ ಪುರಾಣದ್ದು, ಅಂಕಿಗಳು ಆರ್ಯಭಟನ ದಾರಿಯವು. ಸ್ನಾನ ಮಾಡುವುದು, ಬಿಡುವುದು ಅವರವರ ಶ್ರದ್ಧೆ. ಆದರೆ ಸ್ನಾನಕ್ಕೆ ಸರಿಯಾದ ಹೊತ್ತು ಸಿಗುವುದು, ಆ ಕಥೆ ಅಕ್ಷರಶಃ ನಿಜವೇ ಎಂದು ಹಿಂದೊಬ್ಬ ಶ್ರದ್ಧಾವಂತ ಕೇಳಿದ್ದರಿಂದಲೇ.