ಒಂದೇ ಮೇಜಿನ ಸುತ್ತ ಹೆತ್ತವರು: ಇಂಗ್ಲೆಂಡಿನ ಚರ್ಚುಗಳಲ್ಲಿ ಮಕ್ಕಳ ಪಾಲನೆಯ ತರಗತಿ

ಮಕ್ಕಳನ್ನು ಬೆಳೆಸುವ ಬಗೆಯನ್ನು ಹೆತ್ತವರಿಗೆ ಹೇಳಿಕೊಡುವ ಅಧಿಕಾರ ಚರ್ಚಿಗೆ ಎಲ್ಲಿಂದ ಬರುತ್ತದೆ? ಇಂಗ್ಲೆಂಡಿನ ಆಂಗ್ಲಿಕನ್ ಸಭೆ ಈ ಪ್ರಶ್ನೆಗೆ ಒಂದೂವರೆ ಶತಮಾನದಲ್ಲಿ ಕನಿಷ್ಠ ಎರಡು ಉತ್ತರ ಕೊಟ್ಟಿದೆ. ಇಂಥ ತರಗತಿ ಉಳಿಯುವುದೂ ಅಳಿಯುವುದೂ ಪಠ್ಯಕ್ಕಿಂತ ಹೆಚ್ಚಾಗಿ ಅದು ನಡೆಯುವ ಜಾಗ ಮತ್ತು ಜನರನ್ನು ಕರೆಯುವ ರೀತಿಯಿಂದ ಎಂಬುದು ಈ ಲೇಖನದ ವಾದ.

ಮೊದಲ ಉತ್ತರ ಹ್ಯಾಂಪ್‌ಷೈರ್‌ನ ಓಲ್ಡ್ ಆಲ್ರೆಸ್‌ಫರ್ಡ್ ಎಂಬ ಹಳ್ಳಿಯದು. ಅಲ್ಲಿನ ಸಭಾಪಾಲಕರ ಪತ್ನಿ ಮೇರಿ ಸಮ್ನರ್ 1876ರಲ್ಲಿ ಊರಿನ ತಾಯಂದಿರನ್ನು ಮನೆಗೆ ಕರೆದರು. ಹಿರಿಯ ಮಗಳು ತಾಯಿಯಾದಾಗ, ತಮ್ಮ ಚೊಚ್ಚಲ ಮಗುವಿನ ದಿನಗಳ ಅಳುಕು ಅವರಿಗೆ ನೆನಪಾಗಿತ್ತು. ಶ್ರೀಮಂತರು, ಕೂಲಿಯವರು ಎನ್ನದೆ ಎಲ್ಲರಿಗೂ ಕರೆ ಹೋಯಿತು. ಆ ಕಾಲದ ಇಂಗ್ಲಿಷ್ ಹಳ್ಳಿಯಲ್ಲಿ ಇದು ಸಣ್ಣ ಮಾತಲ್ಲ. ಜನ ಸೇರಿದಾಗ ಮಾತ್ರ ಮೇರಿ ಸಮ್ನರ್ ಅವರಿಗೆ ನಾಲಗೆ ಏಳಲಿಲ್ಲ, ಮುಂದಿನ ವಾರ ಬನ್ನಿ ಎಂದು ಎಲ್ಲರನ್ನೂ ಕಳಿಸಿಕೊಟ್ಟರು. ಹೀಗೆ ತಡವರಿಸುತ್ತ ಹುಟ್ಟಿದ ಮದರ್ಸ್ ಯೂನಿಯನ್, 1885ರ ಪೋರ್ಟ್ಸ್‌ಮತ್ ಚರ್ಚ್ ಕಾಂಗ್ರೆಸ್‌ನಲ್ಲಿ ಅವರು ಮಾಡಿದ ಭಾಷಣದ ಬಳಿಕ ದೇಶದ ತುಂಬ ಹಬ್ಬಿತು. ಅದರ ಬಲ ತಾಯಿಯ ಕರ್ತವ್ಯ ಮತ್ತು ಪ್ರಾರ್ಥನೆ. ಹೇಳುವವರು ಸಭಾಪಾಲಕರ ಮನೆಯವರು, ಕೇಳುವವರು ಊರವರು. ತಂದೆಯರು ಚಿತ್ರದಲ್ಲೇ ಇರಲಿಲ್ಲ.

ಎರಡನೆಯ ಉತ್ತರ ಲಂಡನ್ನಿನ ಹೋಲಿ ಟ್ರಿನಿಟಿ ಬ್ರಾಂಪ್ಟನ್ ಚರ್ಚಿನದು. ಅಲ್ಲಿನ ನಿಕಿ ಮತ್ತು ಸೀಲಾ ಲೀ ದಂಪತಿ 1996ರಲ್ಲಿ ವಿವಾಹಿತರಿಗಾಗಿ ತರಗತಿ ಆರಂಭಿಸಿದವರು; ಮಕ್ಕಳ ಪಾಲನೆಯ ತರಗತಿಯನ್ನು ರೂಪಿಸಿದವರೂ ಅವರೇ. ಅವರ ‘ದ ಪೇರೆಂಟಿಂಗ್ ಬುಕ್’ ಬಂದದ್ದು 2009ರಲ್ಲಿ. ಹತ್ತು ವರ್ಷದೊಳಗಿನ ಮಕ್ಕಳ ಹೆತ್ತವರಿಗೆ ಒಂದು, ಹದಿಹರೆಯದವರ ಹೆತ್ತವರಿಗೆ ಇನ್ನೊಂದು ಸರಣಿ, ಎರಡಕ್ಕೂ ಐದೈದು ಅವಧಿ. ಮಾದರಿ ಕ್ರೈಸ್ತ ನಂಬಿಕೆಯನ್ನು ಪರಿಚಯಿಸುವ, ಅದೇ ಚರ್ಚಿನ ಆಲ್ಫಾ ತರಗತಿಯದು: ಮೊದಲು ಊಟ ಅಥವಾ ತಿಂಡಿ, ಆಮೇಲೆ ಉಪನ್ಯಾಸ ಇಲ್ಲವೆ ಚಿತ್ರೀಕರಿಸಿದ ಮಾತು, ಕೊನೆಗೆ ಸಣ್ಣ ಗುಂಪಿನಲ್ಲಿ ಮಾತುಕತೆ. ಮಾತಾಡುವ ದಂಪತಿ ತಮ್ಮ ನಾಲ್ವರು ಮಕ್ಕಳ ಮುಂದೆ ತಾವೇ ಸೋತ ಪ್ರಸಂಗಗಳನ್ನು ಹೇಳಿಕೊಳ್ಳುತ್ತಾರೆ. ಅಧಿಕಾರ ಇಲ್ಲಿ ಪೀಠದಿಂದ ಇಳಿದು ಊಟದ ಮೇಜಿಗೆ ಬಂದಿದೆ. ಪೂರ್ತಿ ಇಳಿದಿದೆಯೇ ಎಂಬ ಅನುಮಾನ ನನಗಿದೆ. ತೆರೆಯ ಮೇಲಿನ ದಂಪತಿ ಕೆನ್ಸಿಂಗ್ಟನ್ನಿನ ಸ್ಥಿತಿವಂತರು, ಕೆಳಗೆ ಕೂತವರು ಬೇರೊಂದು ಊರಿನ ಬಾಡಿಗೆ ಮನೆಯವರಾಗಿರಬಹುದು.

ಪಠ್ಯದಲ್ಲಿ ಧರ್ಮೋಪದೇಶ ಕಡಿಮೆ. ಪ್ರೀತಿ ತೋರುವ ಐದು ಬಗೆಗಳನ್ನು ಅಮೆರಿಕದ ಬ್ಯಾಪ್ಟಿಸ್ಟ್ ಪಾಸ್ಟರ್ ಗ್ಯಾರಿ ಚಾಪ್ಮನ್ ಅವರಿಂದ ಪಡೆಯಲಾಗಿದೆ. ಅವರ ಪುಸ್ತಕ 1992ರದು; ಆ ಸಿದ್ಧಾಂತಕ್ಕೆ ಗಟ್ಟಿಯಾದ ಪ್ರಾಯೋಗಿಕ ಆಧಾರವಿಲ್ಲವೆಂದು ಮನೋವಿಜ್ಞಾನಿಗಳ 2024ರ ವಿಮರ್ಶೆಯೊಂದು ತೋರಿಸಿದೆ. ಮಕ್ಕಳಿಗೆ ಗೆರೆ ಎಳೆಯುವ ಪಾಠದಲ್ಲಿ ಅಕ್ಕರೆ, ಬಿಗಿ ಎರಡೂ ಇರಬೇಕೆಂಬ ಮಾತು ಡಯಾನಾ ಬಾಮ್‌ರಿಂಡ್ 1966ರಲ್ಲಿ ಮಾಡಿದ ವರ್ಗೀಕರಣಕ್ಕೆ ಹತ್ತಿರವಿದೆ, ಇದರ ನೆಲೆ ಹೆಚ್ಚು ಭದ್ರ. ಹೀಗೆ ಪಠ್ಯವನ್ನಷ್ಟೇ ತೂಗಿದರೆ ಸಿಗುವುದು ಸಾಧಾರಣ ಅಂಕ.

ಜಾಗದ ಮಹತ್ವ ಕಾಣುವುದು ಸರ್ಕಾರದ ಪ್ರಯತ್ನವನ್ನು ಪಕ್ಕದಲ್ಲಿಟ್ಟಾಗ. 2012ರಲ್ಲಿ ಬ್ರಿಟಿಷ್ ಸರ್ಕಾರ ‘ಕ್ಯಾನ್‌ಪೇರೆಂಟ್’ ಎಂಬ ಪ್ರಯೋಗ ನಡೆಸಿತು. ಕ್ಯಾಮ್ಡನ್, ಮಿಡಲ್ಸ್‌ಬ್ರೋ, ಹೈ ಪೀಕ್ ಪ್ರದೇಶಗಳಲ್ಲಿ ಐದು ವರ್ಷದವರೆಗಿನ ಮಕ್ಕಳ ಹೆತ್ತವರಿಗೆ ಪಾಲನೆಯ ತರಗತಿಗಾಗಿ 100 ಪೌಂಡಿನ ವೋಚರು. ಬೂಟ್ಸ್ ಔಷಧಿ ಅಂಗಡಿಯಲ್ಲೂ ಅದು ಸಿಗುತ್ತಿತ್ತು. ಆದರೂ ಬಂದವರು ಎಣಿಸಿದ್ದಕ್ಕಿಂತ ಬಹಳ ಕಡಿಮೆ. ಇದಕ್ಕೆ ಹಿಂದಿನ ಕಾನೂನೊಂದರ ನೆರಳೂ ಕಾರಣವೆಂದು ನನ್ನ ಊಹೆ: ಮಕ್ಕಳು ತಪ್ಪು ಮಾಡಿದರೆ ಹೆತ್ತವರನ್ನು ಪಾಲನೆಯ ತರಗತಿಗೆ ಕಳಿಸುವ ಅಧಿಕಾರವನ್ನು 1998ರ ಅಪರಾಧ ಕಾಯ್ದೆ ನ್ಯಾಯಾಲಯಗಳಿಗೆ ಕೊಟ್ಟಿತ್ತು. ತರಗತಿಗೆ ಹೋಗುವುದೆಂದರೆ ಸೋತೆವೆಂದು ಒಪ್ಪಿಕೊಂಡಂತೆ ಎಂಬ ಭಾವನೆ ಹೀಗೆ ಬೇರೂರಿದರೆ ವೋಚರು ಅದನ್ನು ಕೀಳಲಾರದು. ಚರ್ಚಿನ ತರಗತಿ ನಡೆಯುವ ಪ್ಯಾರಿಷ್ ಸಭಾಂಗಣಕ್ಕೆ ಬೇರೊಂದು ಅನುಕೂಲವಿದೆ. ಅದೇ ಹಾಲ್‌ನಲ್ಲಿ ಪುಟ್ಟ ಮಕ್ಕಳ ಆಟದ ಗುಂಪು ನಡೆಯುತ್ತದೆ, ಮತದಾನ ನಡೆಯುತ್ತದೆ. ಒಳಗೆ ಹೋಗಲು ಕಾರಣ ಕೊಡಬೇಕಿಲ್ಲ. ಆಟದ ಗುಂಪಿನಲ್ಲಿ ಪರಿಚಯವಾದ ತಾಯಿಯೊಬ್ಬರು ‘ನೀವೂ ಬನ್ನಿ’ ಎಂದರೆ ಅದು ಸಮನ್ಸ್ ಅಲ್ಲ. ವಿಶ್ವಾಸಿಗಳಲ್ಲದವರೂ ಬರುವುದು ಈ ದಾರಿಯಿಂದಲೇ. ಅವರನ್ನು ಆಮೇಲೆ ಆಲ್ಫಾಕ್ಕೆ ಕರೆಯುವ ಉದ್ದೇಶವಿದ್ದರೆ ಅದನ್ನು ಮೊದಲ ದಿನವೇ ಹೇಳಿಬಿಡುವುದು ಪ್ರಾಮಾಣಿಕತೆ.

ಆದರೆ ಈ ನೆರೆಹೊರೆಯ ನಂಬಿಕೆಯೇ ಈಗ ಪರೀಕ್ಷೆಗೆ ಒಳಗಾಗಿದೆ. ಮಕ್ಕಳ ಲೈಂಗಿಕ ಶೋಷಣೆ ಕುರಿತ ಸ್ವತಂತ್ರ ವಿಚಾರಣಾ ಆಯೋಗದ 2020ರ ವರದಿ, ಆಂಗ್ಲಿಕನ್ ಸಭೆ ಮಕ್ಕಳನ್ನು ಕಾಪಾಡುವಲ್ಲಿ ವಿಫಲವಾಯಿತೆಂದು ಕಟುವಾಗಿ ಹೇಳಿತು. ಕ್ರೈಸ್ತ ಶಿಬಿರಗಳ ಮೂಲಕ ಪರಿಚಯವಾದ ಹುಡುಗರನ್ನು ಧರ್ಮದ ಹೆಸರಿನಲ್ಲಿ ಬೆತ್ತದಿಂದ ಥಳಿಸಿದ ಜಾನ್ ಸ್ಮೈತ್‌ನ ಪ್ರಕರಣದ ವರದಿ ಬಂದ ಮೇಲೆ, 2024ರ ನವೆಂಬರ್‌ನಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ರಾಜೀನಾಮೆ ಘೋಷಿಸಿದರು. ಹೊಡೆತದ ಪ್ರಶ್ನೆಯಲ್ಲಿ ತರಗತಿ ಮೌನವಾಗಿರುವಂತಿಲ್ಲ. ಸ್ಕಾಟ್ಲೆಂಡ್ 2020ರಲ್ಲಿ, ವೇಲ್ಸ್ 2022ರಲ್ಲಿ ಮಕ್ಕಳಿಗೆ ಹೊಡೆಯುವುದನ್ನು ನಿಷೇಧಿಸಿದವು. ಇಂಗ್ಲೆಂಡಿನಲ್ಲಿ ‘ಸಮಂಜಸ ಶಿಕ್ಷೆ’ ಎಂಬ ಕಾನೂನಿನ ರಕ್ಷಣೆ ಆಗಲೂ ಉಳಿದುಕೊಂಡಿತು. ಗುಂಪಿನಲ್ಲಿ ಯಾರಾದರೂ ಮನೆಯ ಹಿಂಸೆಯ ಸುಳಿವು ಕೊಟ್ಟರೆ ಸ್ವಯಂಸೇವಕರು ಪ್ಯಾರಿಷ್‌ನ ಸುರಕ್ಷತಾ ಅಧಿಕಾರಿಗೆ ತಿಳಿಸಬೇಕು. ಗುಟ್ಟಾಗಿಡುತ್ತೇವೆಂದು ಮಾತು ಕೊಡುವ ಹಕ್ಕು ಅವರಿಗಿಲ್ಲ.

ಒಂಟಿ ಹೆತ್ತವರ ವಿಷಯದಲ್ಲಿ ಮಾದರಿ ಇನ್ನೂ ಮುಗ್ಗರಿಸುತ್ತದೆ. ತೆರೆಯ ಮೇಲೆ ದಂಪತಿ, ಮೇಜಿನಲ್ಲಿ ಜೋಡಿಗಳು ಇರುವಾಗ ಒಬ್ಬಳೇ ಬಂದ ತಾಯಿ ಯಾರೊಂದಿಗೆ ಮಾತಾಡಬೇಕು? ಅದೇ ಐದು ಅವಧಿಗಳನ್ನು ಹಂಚಿ ಹಗಲಿನಲ್ಲಿ ಹತ್ತು ವಾರ ನಡೆಸುವ ಚಿಕ್ಕ ಅವಧಿಗಳಲ್ಲಿ, ಪಕ್ಕದ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರಿದ್ದರೆ, ಈ ತೊಡಕು ಸ್ವಲ್ಪ ಸಡಿಲಗೊಳ್ಳುತ್ತದೆ. ಅಲ್ಲಿ ಹೆಚ್ಚಿನವರು ಹೇಗೂ ಒಬ್ಬೊಬ್ಬರೇ ಬಂದಿರುತ್ತಾರೆ.